ಮೂರು ದಿನದ ಎಣಿಕೆ

ನನ್ನ ಹೆಂಡತಿಯ ಸೋದರಮಾವ ವಾಸುಮಾಮಾಗೆ ಕಾರು ಓಡಿಸುವಾಗ ಸುಮ್ಮನೆ ಕೂಡಲು ಬರುವುದಿಲ್ಲ. ಕಳೆದ ತಿಂಗಳು ಧಾರವಾಡದಿಂದ ಹುಬ್ಬಳ್ಳಿಗೆ ಒಂದು ನಿಶ್ಚಿತಾರ್ಥಕ್ಕೆಂದು ಐದು ಜನ ಅವರ ಕಾರಿನಲ್ಲಿ ಹೊರಟಿದ್ದೆವು. ಊರೊಳಗಿನ ದಾರಿ ಹತ್ತಿರವಿದ್ದರೂ ಬೇಕೆಂತಲೇ ಸುತ್ತು ಹಾಕಿ ಹೊಸ ಹೆದ್ದಾರಿ ಹಿಡಿದರು. ಮಳೆ ಆಗಷ್ಟೇ ನಿಂತಿತ್ತು. ಆರು ಪಥದ ರಸ್ತೆ ಒರೆಸಿಟ್ಟ ಪಾಟಿಯ ಹಾಗೆ ಮಿಂಚುತ್ತಿತ್ತು.

"ನೋಡ್ರಿ, ಹೊಟ್ಟ್ಯಾಗಿನ ನೀರು ಅಳ್ಳಾಡಂಗಿಲ್ಲ," ಎಂದರು ಮಾಮಾ. "ಯಾರು ಮಾಡಿದ್ದಿದು? ನಮ್ಮ ಅಳಿಯಂದ್ರು ಮಾಡಿದ್ದು!"

ಹಿಂದೆ ಕೂತವರು ನಕ್ಕರು. ಹೆಂಡತಿ ಹೆಮ್ಮೆಯಿಂದ ನನ್ನ ಕಡೆ ನೋಡಿದಳು. ನಾನು ಮೊಬೈಲ್ ತೆಗೆದು, ಬಂದೇ ಇಲ್ಲದ ಮೆಸೇಜನ್ನು ಓದತೊಡಗಿದೆ. ಆ ರಸ್ತೆಯಲ್ಲಿ ಒಂದು ಜಾಗ ಬರುತ್ತದೆ. ಎಡಕ್ಕೆ ಕಬ್ಬಿಣದ ತಡೆಪಟ್ಟಿ, ಅದರಾಚೆ ಕೆಳಗೆ ಒಂದು ಹನುಮಪ್ಪನ ಗುಡಿಯ ಶಿಖರ, ನಾಲ್ಕಾರು ಹಂಚಿನ ಮಾಡು. ಅಲ್ಲಿಗೆ ಬಂದಾಗಲೆಲ್ಲ ನನಗೆ ಮೊಬೈಲ್ ನೋಡುವ ಅರ್ಜೆಂಟು. ಅಂದು ಕಿಟಕಿ ಅರ್ಧ ಇಳಿದಿತ್ತು. ತೊಯ್ದ ಎರೆಮಣ್ಣು, ಎಮ್ಮೆಯ ಸಗಣಿ ಕೂಡಿದ ವಾಸನೆ ಒಳಗೆ ಬಂತು. ಕಣ್ಣನ್ನು ಮೊಬೈಲಿನೊಳಗೆ ಬಚ್ಚಿಡಬಹುದು, ಮೂಗನ್ನು ಎಲ್ಲಿಡುವುದು? ನಿಶ್ಚಿತಾರ್ಥದಲ್ಲಿ ಏನು ಉಂಡೆ, ಯಾರ ಜೊತೆ ಮಾತಾಡಿದೆ, ಒಂದೂ ನೆನಪಿಲ್ಲ.

ಐದು ವರ್ಷದ ಹಿಂದಿನ ಮಾತು. ಆ ವರ್ಷ ಮುಂಗಾರು ಹೊತ್ತಿಗೆ ಸರಿಯಾಗಿ ಬಂದಿತ್ತು. ನನಗೆ ಇಪ್ಪತ್ತಾರು ತುಂಬಿತ್ತು. ಇಂಜಿನಿಯರಿಂಗ್ ಮುಗಿಸಿ ಎರಡು ವರ್ಷ ಮನೆ ಕಟ್ಟಿಸುವವರ ಹಿಂದೆ ಟೇಪು ಹಿಡಿದು ಅಡ್ಡಾಡಿದ ಮೇಲೆ, ಹೆದ್ದಾರಿಗಳ ನಕ್ಷೆ ತಯಾರಿಸಿಕೊಡುವ ಒಂದು ಕಂಪನಿಯಲ್ಲಿ ಕೆಲಸ ಸಿಕ್ಕಿತ್ತು. ಆರು ತಿಂಗಳ ಕರಾರು. ಕೆಲಸ ಮನಸ್ಸಿಗೆ ಬಂದರೆ ಕಾಯಂ ಮಾಡುತ್ತೇವೆ ಅಂದಿದ್ದರು. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಟೈರು ಅಂಗಡಿಯೊಂದರ ಮಾಳಿಗೆಯ ಮೇಲೆ ನಮ್ಮ ಆಫೀಸು. ಕೆಳಗೆ ದಿನವಿಡೀ ಟೈರಿಗೆ ಗಾಳಿ ಹೊಡೆಯುವ ಸದ್ದು, ಮೇಲೆ ನಾವು ಕಂಪ್ಯೂಟರಿನಲ್ಲಿ ರಸ್ತೆ ಎಳೆಯುತ್ತಿದ್ದೆವು.

ನನ್ನ ಸ್ವಭಾವದ ಬಗ್ಗೆ ಒಂದು ಮಾತು ಮೊದಲೇ ಹೇಳಿಬಿಡಬೇಕು. ನಮ್ಮ ತಂದೆ ಧಾರವಾಡದಲ್ಲಿ ಸಾಲಿ ಮಾಸ್ತರರಾಗಿದ್ದವರು. ನಮ್ಮ ಮನೆಯಲ್ಲಿ ಯಾರ ಮುಖಕ್ಕೂ "ಇಲ್ಲ" ಅನ್ನುವ ರೂಢಿ ಇಲ್ಲ. ಬೇಡವಾದ ಊಟಕ್ಕೂ "ಛಲೋ ಆಗೇದ್ರಿ" ಅನ್ನುತ್ತೇವೆ, ಆಗದ ಕೆಲಸಕ್ಕೂ "ನೋಡೋಣಂತ್ರಿ" ಅನ್ನುತ್ತೇವೆ. ಕೇಳಿದ್ದಕ್ಕೆಲ್ಲ "ಹೂನ್ರಿ" ಅಂದರೆ ಎದುರಿನವರಿಗೆ ಸಮಾಧಾನ, ನಮಗೂ ಮೆತ್ತಗಿನ ಮಾತಿನವರೆಂಬ ಹೆಸರು. ಇದಕ್ಕೆ ನಾವು ಸಂಸ್ಕಾರ ಅಂತ ಹೆಸರಿಟ್ಟುಕೊಂಡಿದ್ದೇವೆ. ನನ್ನ ಮಟ್ಟಿಗೆ ಅದು ಬರೀ ಪುಕ್ಕಲುತನವಾಗಿತ್ತು, ಆಗ ಗೊತ್ತಿರಲಿಲ್ಲ.

ಹಳೆಯ ರಸ್ತೆಯನ್ನು ಅಗಲ ಮಾಡಲೇಬೇಕಿತ್ತು, ಆ ಬಗ್ಗೆ ನನಗೆ ಇವತ್ತಿಗೂ ಎರಡು ಮನಸ್ಸಿಲ್ಲ. ಎರಡೇ ಪಥದ ಆ ದಾರಿಯಲ್ಲಿ ಲಾರಿಗೆ ಲಾರಿ ಮುಖ ಕೊಟ್ಟು ಸತ್ತವರ ಮನೆಗಳು ಎರಡೂ ಊರಿನಲ್ಲಿ ಓಣಿಗೊಂದು ಸಿಗುತ್ತವೆ. ಹೊಸ ಹೆದ್ದಾರಿ ನೆಲದಿಂದ ಎರಡಾಳು ಎತ್ತರಕ್ಕೆ ಮಣ್ಣು ತುಂಬಿಕೊಂಡು ಬರುವುದಿತ್ತು. ಹಾಗೆ ಬರುವಾಗ ಅಡ್ಡ ಹಾಯುವ ಸಣ್ಣ ದಾರಿಗಳನ್ನು ಏನು ಮಾಡುವುದು? ಹೆಚ್ಚು ಜನ, ಹೆಚ್ಚು ಗಾಡಿ ದಾಟುವ ಕಡೆ ಹೆದ್ದಾರಿಯ ಕೆಳಗೆ ಅಂಡರ್‌ಪಾಸ್ ಕೊಡುತ್ತಾರೆ. ಕಡಿಮೆ ದಾಟುವ ಕಡೆ ಮಣ್ಣು ತುಂಬಿ ಮುಚ್ಚಿಬಿಡುತ್ತಾರೆ. ಯಾವುದು ಹೆಚ್ಚು, ಯಾವುದು ಕಡಿಮೆ ಎಂದು ತಿಳಿಯಲು ಒಬ್ಬ ಮನುಷ್ಯ ಅಲ್ಲಿ ಕೂತು ಎಣಿಸಬೇಕು. ಆ ಮನುಷ್ಯ ನಾನಾಗಿದ್ದೆ.

ಬೆಳಗಿನ ಆರರಿಂದ ಸಂಜೆ ಆರರವರೆಗೆ, ಒಂದೊಂದು ಕಡೆ ಮೂರು ದಿನ. ಕೈಯಲ್ಲಿ ಹಲಗೆ, ಹಲಗೆಗೆ ಸಿಕ್ಕಿಸಿದ ಹಾಳೆ. ಕಾರು, ಬೈಕು, ಟ್ರ್ಯಾಕ್ಟರ್, ಎತ್ತಿನ ಗಾಡಿ, ಸೈಕಲ್ಲು, ನಡೆದು ಹೋಗುವವರು, ಹೀಗೆ ಒಂದೊಂದಕ್ಕೆ ಒಂದೊಂದು ಅಂಕಣ. ಒಂದು ಹೋದರೆ ಒಂದು ಗೆರೆ, ಐದನೆಯದಕ್ಕೆ ಅಡ್ಡಗೆರೆ. ಬಲತುದಿಯಲ್ಲಿ ಷರಾ ಎಂಬ ಅಂಕಣ. ಏನಾದರೂ ವಿಶೇಷವಿದ್ದರೆ ಅಲ್ಲಿ ಬರೆಯಬೇಕು.

ನಾನು ಹೇಳುತ್ತಿರುವ ಊರಿನ ಮನೆಗಳೆಲ್ಲ ರಸ್ತೆಯ ಒಂದು ಮಗ್ಗುಲಿಗಿದ್ದವು. ಹೊಲಗಳ ಮುಕ್ಕಾಲು ಪಾಲು, ಕೆರೆ, ದನ ಮೇಯುವ ಗೋಮಾಳ ಎಲ್ಲ ಇನ್ನೊಂದು ಮಗ್ಗುಲಿಗೆ. ನಡುವೆ ಒಂದು ಬಂಡಿದಾರಿ ರಸ್ತೆಯನ್ನು ಅಡ್ಡ ದಾಟುತ್ತಿತ್ತು. ಆ ದಾರಿ ಮುಚ್ಚಿದರೆ ಊರಿನ ಹೊಟ್ಟೆ ಒಂದು ಕಡೆ, ಬಾಯಿ ಒಂದು ಕಡೆ ಆಗುತ್ತದೆ ಎಂಬುದು ನಕ್ಷೆ ನೋಡಿದ ಯಾರಿಗೂ ತಿಳಿಯುವಂಥದ್ದು. ಆದರೆ ನಕ್ಷೆ ಸಾಕಾಗುವುದಿಲ್ಲ, ಎಣಿಕೆ ಬೇಕು.

ಎಣಿಕೆಗೆ ಮುಂಚಿನ ದಿನ ನಮ್ಮ ದೊಡ್ಡ ಸಾಹೇಬರೂ ನಾನೂ ಆ ಊರಿಗೆ ಹೋದೆವು. ಸಾಹೇಬರು ಪರರಾಜ್ಯದವರು, ಕೆಟ್ಟವರೇನಲ್ಲ, ಹತ್ತಾರು ಹೆದ್ದಾರಿ ಮಾಡಿ ದಣಿದವರು. ಜೀಪಿನಲ್ಲೇ ನನಗೆ ತಾಕೀತು ಮಾಡಿದ್ದರು: ಎಣಿಕೆ ಯಾಕೆಂದು ಮಾತ್ರ ಬಾಯಿಬಿಡಬೇಡ. ಹಿಂದೊಮ್ಮೆ ಬೇರೆ ಕಡೆ ಹೇಳಿದ್ದಕ್ಕೆ ಊರವರು ಎಣಿಕೆ ಏರಿಸಲೆಂದು ಇದ್ದ ನಾಲ್ಕೇ ಟ್ರ್ಯಾಕ್ಟರನ್ನು ದಿನವಿಡೀ ಗಾಣದೆತ್ತಿನಂತೆ ಸುತ್ತಿಸಿದ್ದರಂತೆ. ಹೇಳಿ ಅವರೇ ನಕ್ಕರು, ನಾನೂ ನಕ್ಕೆ.

ಊರಿನ ಹಿರಿಯ ಬಸಣ್ಣಕಾಕಾ ನಮ್ಮನ್ನು ತಮ್ಮ ಮನೆಯ ಕಟ್ಟೆಯ ಮೇಲೆ ಕೂಡಿಸಿದರು. ಎರಡು ಸಲ ಪಂಚಾಯ್ತಿ ಸದಸ್ಯರಾಗಿದ್ದವರು. ಬದುವಿನ ಜಗಳವಿರಲಿ, ಮದುವೆಯ ಮಾತುಕತೆಯಿರಲಿ, ಆ ಊರಲ್ಲಿ ಕಾಕಾ ಬಂದು ಕೂಡದೆ ಮುಗಿಯುತ್ತಿರಲಿಲ್ಲ. ಬಿಳಿ ಧೋತರ, ತಲೆಗೆ ಬಿಳಿ ಟೊಪ್ಪಿಗೆ, ಮಾತಿಗೊಮ್ಮೆ "ಹೌದಿಲ್ರಿ?" ನಾನು ಒಪ್ಪಿಸಬೇಕಾದ್ದನ್ನು ಒಪ್ಪಿಸಿದೆ: ನಾಳೆಯಿಂದ ಮೂರು ದಿನ ಕ್ರಾಸಿನಲ್ಲಿ ರಸ್ತೆ ಕೆಲಸದ ಎಣಿಕೆ ಇದೆ, ನಿಮ್ಮ ಸಹಕಾರ ಬೇಕು.

"ಏನ ಎಣಸೂದ್ರಿ?" ಎಂದರು ಕಾಕಾ.

"ರಸ್ತೆದ್ದು ಎಲ್ಲಾ ಇರ್ತದಲ್ರಿ ಕಾಕಾ, ಅದು," ಎಂದು ತೇಲಿಸಿದೆ.

ಅಲ್ಲೇ ಬಾಗಿಲ ಚೌಕಟ್ಟಿಗೆ ಆತು ನಿಂತಿದ್ದ ಹೆಂಗಸು ಮುಂದೆ ಬಂದರು. ಐವತ್ತರ ಆಜೂಬಾಜು, ಗಟ್ಟಿ ಆಳು. ಹೆಸರು ಕಾಶವ್ವ, ಬಾಜೂ ಮನೆಯವರು. ಆರು ಎಮ್ಮೆ ಕಟ್ಟಿದ್ದರು. ಹಾಲು ಅಮರಗೋಳದ ಮಾರುಕಟ್ಟೆ ಹತ್ತಿರದ ಎರಡು ಹೋಟೆಲ್ಲಿಗೆ ಹೋಗುತ್ತಿತ್ತು. "ಅದೆಲ್ಲಾ ಇರ್ಲಿ ಸಾಹೇಬ್ರ, ದೊಡ್ಡ ರಸ್ತಾ ಆದ ಮ್ಯಾಲ ನಮ್ಮ ಎಮ್ಮಿ ಆಚೀಕ ಹೊಡಕೊಂಡು ಹೋಗಾಕ ದಾರಿ ಇರ್ತೈತಿಲ್ಲೋ? ಅಷ್ಟ ಹೇಳ್ರಿ."

"ಇರ್ತದ್ರಿ," ಎಂದೆ. ಗೊತ್ತಿಲ್ಲ ಅನ್ನಬಹುದಿತ್ತು. ಗೊತ್ತಿಲ್ಲ ಅನ್ನುವುದೂ ನಮ್ಮ ಮನೆಯಲ್ಲಿ ಇಲ್ಲ ಅಂದ ಹಾಗೆಯೇ.

ಮರುದಿನ ಬೆಳಗ್ಗೆ ಆರಕ್ಕೆ ಹೋದಾಗ ಕ್ರಾಸಿನ ಬೇವಿನ ಮರದ ಕೆಳಗೆ ನನಗಾಗಿ ಒಂದು ಹೊರಸು, ಅದರ ಮೇಲೆ ಕಂಬಳಿ. ಮಳೆ ಬಂದರೆ ಇರಲೆಂದು ನಾಲ್ಕು ಗಳ ನೆಟ್ಟು ತಾಡಪತ್ರಿ ಕಟ್ಟಿದ್ದರು. ದಾರಿಯಲ್ಲಿದ್ದ ಸಗಣಿ ತೆಗೆದು ಕಸ ಹೊಡೆದಿದ್ದರು. ಇಷ್ಟು ಮರ್ಯಾದೆ ನನಗೆ ನಮ್ಮ ಬೀಗರೂ ಇನ್ನೂ ಮಾಡಿಲ್ಲ. ನಾನು ಕಾಲು ಮಡಚಿ ಕೂತು ಹಲಗೆ ತೊಡೆಯ ಮೇಲಿಟ್ಟುಕೊಂಡೆ. ಹತ್ತು ಗಂಟೆಯವರೆಗೆ ದಾಟಿದ್ದು ಪ್ಲಾಸ್ಟಿಕ್ ಕೊಡ ಮಾರುವವನ ಬೈಕು ಮತ್ತು ಒಂದು ನಾಯಿ. ನಾಯಿಗೆ ಅಂಕಣ ಇರಲಿಲ್ಲ.

ಧಾರವಾಡ ಸೀಮೆಯ ಜಿಟಿಜಿಟಿ ಮಳೆ ಶುರುವಾಯಿತು. ಹೆಸರುಕಾಳು ಬಿತ್ತಿ, ಕಳೆ ಹೋಗಲೆಂದು ಎರಡು ಸಲ ಎಡೆ ಹೊಡೆಯುವ ದಿನಗಳವು, ಹೊಲಕ್ಕೆ ಹೋಗದೆ ಯಾರೂ ಮನೆಯಲ್ಲಿ ಕೂಡುವುದಿಲ್ಲ. ದಾರಿ ಮಾತ್ರ ಖಾಲಿ. ವಿಚಿತ್ರ ಅನ್ನಿಸಿತು, ಆದರೆ ಬೇರೆ ಕ್ರಾಸುಗಳಲ್ಲಿ ತಲೆಯೆತ್ತಲು ಪುರುಸೊತ್ತಿಲ್ಲದೆ ಗೆರೆ ಎಳೆದು ಬೆರಳು ನೋಯಿಸಿಕೊಂಡಿದ್ದವನಿಗೆ ಅದು ಸಿಕ್ಕ ರಜೆಯಂತಿತ್ತು. ಮಧ್ಯಾಹ್ನ ಕಾಶವ್ವ ಬುಟ್ಟಿ ತಂದರು. ಬಿಸಿ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಚಾಕುವಿನಲ್ಲಿ ಕೊಯ್ಯುವಂಥ ಎಮ್ಮೆ ಮೊಸರು. ಎದುರಿಗೆ ಕೂತು, ಸಂಕೋಚ ಬ್ಯಾಡ ಸಾಹೇಬ್ರ ಅನ್ನುತ್ತ ರೊಟ್ಟಿ ಮೇಲೆ ರೊಟ್ಟಿ ಹಾಕಿದರು. ಮೂರನೆಯ ರೊಟ್ಟಿಗೆ ನಾನು ತಮ್ಮ ಆಗಿದ್ದೆ.

ಎರಡನೆಯ ದಿನ ಮಳೆ ಜೋರಾಯಿತು. ಬುಟ್ಟಿ ಹೊತ್ತು ಬಂದ ಕಾಶವ್ವನ ಸೀರೆ ಸೊಂಟದವರೆಗೆ ತೊಯ್ದು ರಾಡಿಯಾಗಿತ್ತು.

"ಇದೇನ್ರಿ ಕಾಶವ್ವಾರ, ಇಷ್ಟು ತೋಯಿಸ್ಕೊಂಡೀರಿ?"

"ಹಳ್ಳದಾಗ ಹಾಯಿಸಿ ಎಮ್ಮಿ ಹೊಡಕೊಂಡು ಬಂದ್ನಿ ತಮ್ಮಾ. ಸಣ್ಣ ಎಮ್ಮಿಮಣಕ ಜಾರಿ ಬಿತ್ತು, ಎಬ್ಬಸೂದ್ರಾಗ ಸಾಕಾತು. ನೀ ಉಣ್ಣು, ರೊಟ್ಟಿ ಆರ್ತಾವು."

"ಹಳ್ಳಕ್ಕ ಯಾಕ ಹೋಗಿದ್ರಿ? ಈ ದಾರಿ ಇಲ್ಲೇನು?"

ಕಾಶವ್ವ ನಕ್ಕರು. "ನೀ ಇಲ್ಲಿ ಕುಂತು ಕೆಲಸ ಮಾಡಾಕತ್ತೀ. ನಿನ್ನ ಮುಂದ ಎಮ್ಮಿ ಹೊಡಕೊಂಡು ಹೋಗೂದು ಛಲೋ ಕಾಣ್ತೈತೇನು?"

ಉಂಡವನೇ ಛತ್ರಿ ಹಿಡಿದು ರಸ್ತೆಗುಂಟ ಹೊರಟೆ. ಅರ್ಧ ಮೈಲಿಯ ಆಚೆ ಹಳೆಯ ರಸ್ತೆಯ ಕೆಳಗೆ ಹಳ್ಳ ಹಾಯುವ ಒಂದು ಸಣ್ಣ ಸೇತುವೆ. ಆ ಸೇತುವೆಯ ಕೆಳಗೆ, ಮೊಣಕಾಲುದ್ದ ರಾಡಿ ನೀರಿನಲ್ಲಿ, ಇಡೀ ಊರು ದಾಟುತ್ತಿತ್ತು. ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತ ಹೆಂಗಸರು ಸೇತುವೆಯ ಛತ್ತಿಗೆ ಹೊರೆ ತಾಗದಂತೆ ಬಗ್ಗಿ ಬರುತ್ತಿದ್ದರು. ಗಂಡಸರು ಎಡೆಕುಂಟೆ ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡಿದ್ದರು. ಎತ್ತುಗಳ ಮೂಗುದಾರ ಹಿಡಿದು ಜಗ್ಗುತ್ತಿದ್ದರು. ನನ್ನನ್ನು ಕಂಡು ಒಬ್ಬರು ಕೈಯೆತ್ತಿ ನಮಸ್ಕಾರ ಮಾಡಿದರು. ದಂಡೆಯ ಮೇಲೆ ಬಸಣ್ಣಕಾಕಾ ಧೋತರ ಎತ್ತಿ ಕಟ್ಟಿ, ಮಂದಿಗೆ ದಾರಿ ತೋರಿಸುತ್ತ ನಿಂತಿದ್ದರು.

"ಬರ್ರಿ ಸಾಹೇಬ್ರ," ಎಂದರು ಉತ್ಸಾಹದಿಂದ. "ಮೊನ್ನಿ ನೀವು ಹೋದ ಕೂಡ್ಲೇ ಡಂಗುರ ಹೊಡಸೇನ್ರಿ. ಮೂರು ದಿನ ಕ್ರಾಸಿಗೆ ಗಾಡಿ, ದನ, ಮಂದಿ ಯಾರೂ ಹೋಗೂಹಂಗಿಲ್ಲ, ಸರಕಾರದವರು ಎಣಿಕಿ ಮಾಡಾಕತ್ತಾರ, ನಡುವ ಅಡ್ಡ ಬಂದು ಅವ್ರಿಗೆ ತ್ರಾಸ ಕೊಡಬಾರದು ಅಂತ. ಒಂದ ಕೋಳಿನೂ ನಿಮ್ಮ ಕಡೆ ಬರದಂಗ ನೋಡ್ಕೊಂಡೇನ್ರಿ. ಎಣಿಕಿ ಬರೋಬರಿ ನಡದೈತಿ, ಹೌದಿಲ್ರಿ?"

ಸುತ್ತ ನಿಂತವರೆಲ್ಲ ನನ್ನ ಬಾಯಿ ನೋಡಿದರು. ಕಾಕಾರ ಮುಖದಲ್ಲಿ ಸಾಲಿಯಲ್ಲಿ ಲೆಕ್ಕ ಸರಿ ಮಾಡಿ ಪಾಟಿ ತೋರಿಸುವ ಹುಡುಗನ ಹಿಗ್ಗು. ಆ ಕ್ಷಣದಲ್ಲಿ ನಾನು ಹೇಳಬೇಕಾಗಿದ್ದು ಇಷ್ಟೇ: ಕಾಕಾ, ತಪ್ಪಾಗಿದೆ, ಎಲ್ಲರೂ ಕ್ರಾಸಿಗೆ ಬನ್ನಿ, ದಿನಾ ಹೋಗುವ ಹಾಗೇ ಹೋಗಿ.

"ಹೂನ್ರಿ ಕಾಕಾ," ಎಂದೆ. "ಭಾಳ ಛಲೋ ನಡದದರಿ."

ಯಾಕೆ ಹಾಗೆಂದೆ ಎಂದು ಈ ಐದು ವರ್ಷದಲ್ಲಿ ನನಗೆ ನಾನೇ ನೂರು ಕಾರಣ ಕೊಟ್ಟುಕೊಂಡಿದ್ದೇನೆ. ಹಿರಿಯರನ್ನು ಅವರ ಮಂದಿಯ ಮುಂದೆ ಸಣ್ಣವರನ್ನಾಗಿ ಮಾಡುವುದು ಹೇಗೆ ಎಂಬುದು ಕೇಳಲು ಚೆಂದವಾಗಿರುವ ಕಾರಣ. ಖರೇ ಕಾರಣ ಬೇರೆ. ತಪ್ಪೆಂದರೆ ಯಾಕೆ ತಪ್ಪು ಅಂತ ಹೇಳಬೇಕು, ಹೇಳಿದರೆ ಸಾಹೇಬರ ತಾಕೀತು ಮುರಿಯಬೇಕು. ಎರಡು ದಿನದ ಹಾಳೆ ಹರಿದು ಮತ್ತೆ ಮೂರು ದಿನ ಕೂಡಬೇಕು. ಸೋಮವಾರ ವರದಿ ಹೋಗಬೇಕಿತ್ತು. ನನ್ನ ಕರಾರು ಮುಗಿಯಲು ಇನ್ನು ಎರಡೇ ತಿಂಗಳಿತ್ತು. ಗೊಂದಲ ಎಬ್ಬಿಸುವ ಹುಡುಗ ಅನ್ನಿಸಿಕೊಳ್ಳಲು ನನಗೆ ಧೈರ್ಯವಿರಲಿಲ್ಲ. ವಾಪಸು ಬಂದು ಬೇವಿನ ಮರದ ಕೆಳಗೆ ಕಂಬಳಿ ಹೊದ್ದು ಕೂತೆ. ಮೂರನೆಯ ದಿನವೂ ರೊಟ್ಟಿ ಬಂತು, ಉಂಡೆ.

ಸಂಜೆ ಗೋಕುಲ ರಸ್ತೆಯ ಆಫೀಸಿನಲ್ಲಿ ಸಾಹೇಬರು ಹಾಳೆಗಳನ್ನು ತಿರುವಿದರು. "ಇಷ್ಟೇ?" ಎಂದು ಹುಬ್ಬೇರಿಸಿದರು. ಆಮೇಲೆ, ಈ ಮೂರು ದಿನ ಅಲ್ಲಿ ಹಬ್ಬವೋ ಸಂತೆಯೋ ಸಾವೋ ಏನಾದರೂ ಇತ್ತೇ ಎಂದು ಕೇಳಿದರು. ಇದನ್ನು ನಾನು ಮುಚ್ಚಿಡುವಂತಿಲ್ಲ. ಅವರು ಕೇಳಿದರು, ಸರಿಯಾಗಿಯೇ ಕೇಳಿದರು, ಉತ್ತರಕ್ಕಾಗಿ ಕಾದರು. ನಾನು ಏನೂ ಇರಲಿಲ್ಲ ಎಂದೆ. ಜೀವನದಲ್ಲಿ ಇಲ್ಲ ಅನ್ನಲು ಬರದವನಿಗೆ ಅಂದು ಅದೊಂದು ಇಲ್ಲ ಸರಾಗವಾಗಿ ಬಂತು. ಷರಾ ಅಂಕಣದಲ್ಲಿ ಒಂದು ಸಣ್ಣ ಅಡ್ಡಗೆರೆ ಎಳೆದು ಸಹಿ ಮಾಡಿದೆ. ಎರಡು ತಿಂಗಳಿಗೆ ನನ್ನ ಕೆಲಸ ಕಾಯಂ ಆಯಿತು. ಅಪ್ಪ ದುರ್ಗದಬೈಲಿನ ಪೇಟೆಗೆ ಕರೆದುಕೊಂಡು ಹೋಗಿ ಒಂದು ಗಡಿಯಾರ ಕೊಡಿಸಿದರು.

ನಕ್ಷೆ ಮುಗಿದು, ಗುತ್ತಿಗೆಯಾಗಿ, ಒಂದೂವರೆ ವರ್ಷದ ಮೇಲೆ ಮಣ್ಣು ಬೀಳತೊಡಗಿತು. ಮೊದಮೊದಲು ಊರವರು ಆ ಮಣ್ಣಿನ ದಿನ್ನೆಯ ಮೇಲೆ ಹತ್ತಿ ಇಳಿದು ಹೊಲಕ್ಕೆ ಹೋಗುತ್ತಿದ್ದರಂತೆ, ಕೊನೆಗೆ ತಮಗೆ ಕೆಳಗೊಂದು ದಾರಿ ಬಿಡುತ್ತಾರೆ ಎಂಬ ಭರವಸೆಯಲ್ಲಿ. ದಿನ್ನೆ ಆಳೆತ್ತರ ದಾಟಿ ಬದಿಗೆ ಗೋಡೆ ಏಳುವಾಗ ಗಾಬರಿಯಾದರು. ಹಳ್ಳದ ಸೇತುವೆಯನ್ನೂ ಒಡೆದು ಸಿಮೆಂಟಿನ ಪೈಪು ಕೂಡಿಸಿದ್ದರು, ಅದರಲ್ಲಿ ನೀರು ಹೋಗಬಹುದಿತ್ತು, ಎಮ್ಮೆ ಹೋಗುವಂತಿರಲಿಲ್ಲ. ಊರವರು ಕೆಲಸ ನಿಲ್ಲಿಸಿ ಕೂತರು. ಮೇಲಿನ ಅಧಿಕಾರಿಯೊಬ್ಬರು ಮಾತುಕತೆಗೆ ಬಂದರು. ದಾಖಲೆ ತೋರಿಸಲು ನನ್ನನ್ನೂ ಕರೆಸಿದರು.

ಹನುಮಪ್ಪನ ಗುಡಿಯ ಮುಂದೆ ಊರೆಲ್ಲ ಕೂಡಿತ್ತು. ನಾನು ನಕ್ಷೆಯ ಸುರುಳಿಯನ್ನು ಎದೆಗವಚಿಕೊಂಡು ಜೀಪಿನ ಪಕ್ಕ ನಿಂತಿದ್ದೆ. ಬಸಣ್ಣಕಾಕಾ ನನ್ನನ್ನು ನೋಡಿ ಎದ್ದು ನಿಂತರು, ಅವರ ಮುಖ ಅರಳಿತು.

"ಈ ಸಾಹೇಬ್ರನ್ನ ಕೇಳ್ರಿ," ಎಂದು ಅಧಿಕಾರಿಗೆ ಹೇಳಿದರು. "ಇವ್ರು ಮೂರು ದಿನ ನಮ್ಮೂರಾಗ ಇದ್ದು ನೋಡ್ಯಾರ. ನಮ್ಮ ಮನಿ ರೊಟ್ಟಿ ಉಂಡಾರ. ಇವ್ರ ಹೇಳ್ತಾರ ನಮಗ ದಾರಿ ಬೇಕೋ ಬ್ಯಾಡೋ."

ಅಧಿಕಾರಿ ಫೈಲಿನಿಂದ ಹಾಳೆ ತೆಗೆದು ಓದಿದರು. ಮೂರು ದಿನದಲ್ಲಿ ಎತ್ತಿನ ಗಾಡಿ ಒಂದೂ ಇಲ್ಲ. ಟ್ರ್ಯಾಕ್ಟರ್ ಒಂದು. ನಡೆದು ದಾಟಿದವರು ನಾಲ್ಕು. ಇಷ್ಟು ಕಡಿಮೆ ಇರುವ ಕಡೆ ಅಂಡರ್‌ಪಾಸ್ ಕೊಡಲು ಬರುವುದಿಲ್ಲ, ಎರಡೂವರೆ ಕಿಲೋಮೀಟರ್ ಆಚೆ ಒಂದಿದೆ, ಅದರಲ್ಲಿ ಹೋಗಬೇಕು. ಮೊದಲು ಯಾರಿಗೂ ತಿಳಿಯಲಿಲ್ಲ. ಆಮೇಲೆ ಗುಜುಗುಜು ಎದ್ದಿತು. ಕಾಕಾ ನಿಧಾನಕ್ಕೆ ನನ್ನ ಕಡೆ ತಿರುಗಿದರು.

"ಸಾಹೇಬ್ರ, ಅವತ್ತ ನೀವು ಎಣಿಸಿದ್ದು ದಾಟೂ ಮಂದೀನೇನ್ರಿ?"

"ಹೂನ್ರಿ," ಎಂದೆ.

ಕಾಕಾ ಊರಿನ ಕಡೆ ಮುಖ ಮಾಡಿ, ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡು ಹೇಳಿದರು: "ತಪ್ಪು ನಂದೈತಿ. ಡಂಗುರ ನಾನ ಹೊಡಸಿದ್ದೆ."

ಒಬ್ಬ ಹರೆಯದವನು ಎದ್ದು, "ನಿನಗ ಯಾರು ಹೇಳಿದ್ರೋ ಮುದಕಾ ಡಂಗುರ ಹೊಡಿಸಾಕ?" ಎಂದು ಚೀರಿದ. ಆ ಊರಲ್ಲಿ ಬಸಣ್ಣಕಾಕಾರನ್ನು ಯಾರೂ ಏಕವಚನದಲ್ಲಿ ಕರೆದದ್ದನ್ನು ಅದಕ್ಕೆ ಮುಂಚೆ ನಾನು ಕೇಳಿರಲಿಲ್ಲ. ಯಾರೂ ಅವನನ್ನು ತಡೆಯಲಿಲ್ಲ. ಇನ್ನೂ ನಾಲ್ಕು ಜನ ದನಿಗೂಡಿಸಿದರು. ಎರಡನೆಯ ದಿನವೇ ನನಗೆ ಗೊತ್ತಿತ್ತು, ಸರಿ ನಡೆದಿದೆ ಎಂದವನೇ ನಾನು ಎಂದು ಹೇಳಲು ನಾಲ್ಕು ಹೆಜ್ಜೆ ಮುಂದೆ ಹೋಗಿದ್ದರೆ ಸಾಕಿತ್ತು. ಹೋಗಲಿಲ್ಲ. ಕಾಕಾ ಗುಂಪಿನ ನಡುವಿನಿಂದ ತಲೆತಗ್ಗಿಸಿ ಮನೆಗೆ ಹೋದರು. ಅಧಿಕಾರಿ ಜೀಪು ಹತ್ತಿದರು, ನಾನೂ ಹತ್ತಿದೆ. ಮರುವಾರ ಕೆಲಸ ಮತ್ತೆ ಶುರುವಾಯಿತು. ನನ್ನನ್ನು ಬೇರೆ ಜಿಲ್ಲೆಯ ರಸ್ತೆಗೆ ಹಾಕಿದರು, ಸಂಬಳವೂ ಏರಿತು.

ವಾಸುಮಾಮಾರ ಕಾರಿನಲ್ಲಿ ಹೋಗಿಬಂದ ಮೇಲೆ ಒಂದು ವಾರ ಸರಿಯಾಗಿ ಊಟ ಸೇರಲಿಲ್ಲ. ಭಾನುವಾರ ಹೆಂಡತಿಗೆ ಕೆಲಸವಿದೆ ಎಂದು ಹೇಳಿ ಸ್ಕೂಟರ್ ತೆಗೆದೆ. ಸರ್ವಿಸ್ ರಸ್ತೆಗುಂಟ, ಆ ಎತ್ತರದ ಗೋಡೆಯ ನೆರಳಿನಲ್ಲಿ ಊರು ಮುಟ್ಟಿದೆ. ಮೇಲೆ ಲಾರಿಗಳು ಹೋಗುವ ಸದ್ದು ಕೇಳಿಸುತ್ತಿತ್ತು, ಕಾಣಿಸುತ್ತಿರಲಿಲ್ಲ. ಬಸಣ್ಣಕಾಕಾ ತಮ್ಮ ಕಟ್ಟೆಯ ಮೇಲೆ ಒಬ್ಬರೇ ಕೂತು ಶೇಂಗಾ ಸುಲಿಯುತ್ತಿದ್ದರು. ಸೊರಗಿದ್ದರು. ಗುರುತು ಹಿಡಿದು, "ಬರ್ರಿ ಸಾಹೇಬ್ರ, ಕೂಡ್ರಿ," ಎಂದು ಪಕ್ಕದ ಚಾಪೆ ಝಾಡಿಸಿದರು. ಅವರ ಹೆಂಡತಿ ನೀರು ತಂದಿಟ್ಟು, ಬಾಗಿಲಲ್ಲೇ ನಿಂತು, "ಮೊದ್ಲ ಈ ಕಟ್ಟಿ ಮ್ಯಾಲ ಜಾಗಾ ಇರ್ತಿರಲಿಲ್ರಿ. ಈಗ ಯಾರೂ ಇವ್ರನ್ನ ಒಂದು ಮಾತಿಗೆ ಕರಿಯೂದಿಲ್ಲ," ಎಂದರು. ಕಾಕಾ ಅವರನ್ನು ಒಳಗೆ ಹೋಗೆಂದು ಕಣ್ಣಲ್ಲೇ ಸೂಚಿಸಿದರು.

ಕಾಶವ್ವನ ಮನೆಯ ಕೊಟ್ಟಿಗೆಯಲ್ಲಿ ಮೇವು ಹಾಕುವ ಗ್ವಾದಲಿ ಒಣಗಿತ್ತು. ಮೇಯಿಸಲು ದಿನಾ ಐದು ಕಿಲೋಮೀಟರ್ ಸುತ್ತಿಸಿ ಎಮ್ಮೆಗಳ ಹಾಲು ಇಳಿದು, ಒಂದೊಂದಾಗಿ ಮಾರಿದರಂತೆ. ಈಗ ಸರ್ವಿಸ್ ರಸ್ತೆಯ ಢಾಬಾದಲ್ಲಿ ರೊಟ್ಟಿ ಬಡಿಯುತ್ತಾರೆ ಎಂದರು ಕಾಕಾ.

ನಾನು ಹೇಳಿದೆ. ಹಳ್ಳದ ದಂಡೆಯ ಮೇಲೆ ಗೊತ್ತಾಗಿದ್ದು, ಸುಳ್ಳು ಹೇಳಿದ್ದು, ಷರಾ ಅಂಕಣದಲ್ಲಿ ಅಡ್ಡಗೆರೆ ಎಳೆದಿದ್ದು, ಕೆಲಸ ಕಾಯಂ ಆಗಿದ್ದು. ಕಾಕಾ ಶೇಂಗಾ ಸುಲಿಯುವುದನ್ನು ನಿಲ್ಲಿಸಿ ಕೇಳಿದರು.

"ಇದನ್ನ ನನಗೊಬ್ಬಗ ಹೇಳಿ ಏನ ಮಾಡ್ತೀರಿ?" ಎಂದರು. "ಏಳ್ರಿ. ಊರಿಗೆ ಹೇಳ್ರಿ."

ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಭಾನುವಾರವಾದ್ದರಿಂದ ಹತ್ತು ಹನ್ನೆರಡು ಜನ ಇದ್ದರು. ಕಾಕಾರನ್ನು ಕಂಡು ಯಾರೂ ಏಳಲಿಲ್ಲ, ನನ್ನನ್ನು ಕಂಡು ಇಬ್ಬರು ಎದ್ದರು. ಕಾಶವ್ವನೂ ಢಾಬಾದಿಂದ ಬಂದು ಕಂಬಕ್ಕೆ ಆತು ಕೂತರು. ಯಾರೋ ನನ್ನ ಕೈಗೆ ಚಹಾ ಕೊಟ್ಟರು. ಕಪ್ಪು ಹಿಡಿದುಕೊಂಡೇ ಎಲ್ಲವನ್ನೂ ಮತ್ತೆ ಮೊದಲಿನಿಂದ ಹೇಳಿದೆ. ಬಸಣ್ಣಕಾಕಾರದು ಏನೂ ತಪ್ಪಿಲ್ಲ, ಅವರು ನನ್ನನ್ನು ಕೇಳಿದ್ದರು, ನಾನು ಸರಿಯಿದೆ ಅಂದಿದ್ದೆ ಎಂಬುದನ್ನು ಎರಡು ಸಲ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಹಗುರಾಗುತ್ತಿತ್ತು. ಅಂದು ಚೀರಿದ್ದ ಹುಡುಗ, ಈಗ ಮೀಸೆ ಬಂದವನು, ಎದ್ದು ಸುಮ್ಮನೆ ಸರಿದು ಕಾಕಾರಿಗೆ ಕಟ್ಟೆಯ ಮೇಲೆ ಜಾಗ ಮಾಡಿಕೊಟ್ಟ. ಕಾಕಾ ಕೂಡಲಿಲ್ಲ.

ಆಗ ಕಾಶವ್ವ ಮಾತಾಡಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ಆಸೆ ಇತ್ತು. "ಹಂಗಾರ ಮತ್ತೊಮ್ಮಿ ಎಣಿಸು ತಮ್ಮಾ. ಈ ಸಲ ಎಲ್ಲಾರೂ ಬರ್ತೀವಿ. ನನ್ನ ಕಡೆ ಎಮ್ಮಿ ಇಲ್ಲ, ನಾನಾರ ಬಂದು ದಾಟ್ತೀನಿ. ನನ್ನದೊಂದು ಗೆರಿ ಎಳಿ."

ಎಲ್ಲರೂ ನನ್ನ ಕಡೆ ನೋಡಿದರು. ಅವರ ಮುಖ ಒಂದಿಷ್ಟು ತಿಳಿಯಾದ ಹಾಗಿತ್ತು, ಎಣಿಸುವ ಮನುಷ್ಯ ತಾನಾಗಿ ಬಂದಿದ್ದಾನೆ, ತಪ್ಪು ಒಪ್ಪಿಕೊಂಡಿದ್ದಾನೆ, ಇನ್ನೇನು ಎಂಬಂತೆ. ರಸ್ತೆ ಮುಗಿದ ಮೇಲೆ ಎಣಿಕೆ ಇಲ್ಲ ಎಂಬುದು ಅವರಿಗೆ ಗೊತ್ತಿರಲಿಲ್ಲ. ನೋಡೋಣಂತ್ರಿ ಎಂದು ಹೇಳಿ ಎದ್ದು ಬರುವುದು ನನಗೆ ಎಷ್ಟು ಸುಲಭವಿತ್ತು.

"ಇಲ್ರಿ ಕಾಶವ್ವಾರ," ಎಂದೆ. "ಇನ್ನ ಎಣಸಂಗಿಲ್ರಿ. ಅದು ಮುಗೀತ್ರಿ. ನನ್ನ ಕೈಲೆ ಏನೂ ಆಗೂದಿಲ್ರಿ."

ಕಾಶವ್ವ ಸೆರಗು ಸರಿಮಾಡಿಕೊಂಡು ಎದ್ದರು. ರೊಟ್ಟಿಗೆ ಹೊತ್ತಾಯಿತು ಎಂದು ಯಾರಿಗೋ ಎಂಬಂತೆ ಹೇಳಿ ಢಾಬಾದ ಕಡೆ ನಡೆದರು. ಉಳಿದವರು ಬೇರೆ ಮಾತಿಗೆ ಇಳಿದರು. ನಾನು ಚಹಾ ಮುಗಿಸಿ ಕಪ್ಪು ಕಟ್ಟೆಯ ಮೇಲಿಟ್ಟೆ.

ಬಸಣ್ಣಕಾಕಾ ಸ್ಕೂಟರಿನವರೆಗೆ ನನ್ನ ಜೊತೆ ಬಂದರು. ಬಂದವರನ್ನು ಕಳಿಸಿ ಬರುವುದು ಆ ಊರಿನ ಪದ್ಧತಿ. ನಾನು ಗಾಡಿ ಶುರು ಮಾಡುವವರೆಗೆ ನಿಂತಿದ್ದರು.

"ಹೇಳಿದ್ದು ಛಲೋ ಆತ್ರಿ," ಎಂದರು. ಆಮೇಲೆ ದನಿ ತಗ್ಗಿಸಿ, ಮೊದಲಿನಷ್ಟೇ ಮರ್ಯಾದೆಯಿಂದ ಅಂದರು: "ಇನ್ನ ಇತ್ತಾಗ ಬರಬ್ಯಾಡ್ರಿ ಸಾಹೇಬ್ರ. ನೀವು ಬಂದ್ರ ನಾವು ಮತ್ತ ಚಾ ಕೊಡಬೇಕಾಗ್ತೈತಿ."